ಪುಕ್ಕಟೆ ಬಂದ ಬೆಕ್ಕಿನ ಖರ್ಚುವೆಚ್ಚ

ನಾಯಿ ಸಾಕಲು ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಬೆಕ್ಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಬೆಕ್ಕು ತಾನಾಗಿ ಬರುತ್ತದೆ, ಇಲಿ ಹಿಡಿದು ತಿನ್ನುತ್ತದೆ, ಒಲೆಯ ಪಕ್ಕ ಮಲಗುತ್ತದೆ, ಅದಕ್ಕೇನು ಖರ್ಚು ಎಂಬುದು ನಮ್ಮ ಮಲೆನಾಡಿನ ಮನೆಗಳ ಹಳೆಯ ನಂಬಿಕೆ. ನಮ್ಮತ್ತೆ ಈಗಲೂ ಹೇಳುವುದು ಅದನ್ನೇ: "ಬೆಕ್ಕಿಗೆಂಥ ಖರ್ಚು ಮಾರಾಯ್ತಿ, ಒಂದು ತುತ್ತು ಮೊಸರನ್ನ ಹಾಕಿದ್ರಾಯ್ತು."

ಶಿವಮೊಗ್ಗದ ನಮ್ಮ ಮನೆಯಲ್ಲಿ ಇರುವುದು ಕೆಂಚ ಎಂಬ ನಾಯಿ, ಚಿನ್ನಿ ಮತ್ತು ಗುಂಡ ಎಂಬ ಎರಡು ಬೆಕ್ಕು. ಮೂರಕ್ಕೂ ನಾವು ಒಂದು ಪೈಸೆ ಕೊಟ್ಟು ತಂದಿಲ್ಲ. ಮನೆಖರ್ಚಿನ ಪುಸ್ತಕದಲ್ಲಿ ಇವುಗಳಿಗೆಂದೇ ಬೇರೆ ಪುಟ ಇಟ್ಟಿದ್ದೇನೆ. ಹಾಲು, ತರಕಾರಿ, ಗ್ಯಾಸಿನ ಜೊತೆ ಸೇರಿಸಿ ಬರೆದರೆ ಈ ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಕಳೆದ ವರ್ಷದ ಪುಟ ಕೂಡಿಸಿದಾಗ ಕೆಂಚನಿಗೆ ಸುಮಾರು 22,000 ರೂಪಾಯಿ ಆಗಿತ್ತು. ಇಪ್ಪತ್ತು ಕೆಜಿ ತೂಗುವ ನಾಯಿ, ಇರಲಿ. ನಾಲ್ಕು ಕೆಜಿಯ ಗುಂಡನದು 25,000 ದಾಟಿತ್ತು. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಕೂಡಿದ್ದು ತಪ್ಪಿರಬೇಕು" ಎಂದರು.

ಊಟದಿಂದ ಶುರು ಮಾಡೋಣ. ನಮ್ಮದು ಸಸ್ಯಾಹಾರಿ ಮನೆ. ಕೆಂಚನಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಅನ್ನ, ರಾಗಿ ಗಂಜಿ, ಬೇಯಿಸಿದ ಕುಂಬಳಕಾಯಿ, ದಿನಕ್ಕೊಂದು ಮೊಟ್ಟೆ, ಜೊತೆಗೆ ಒಂದಿಷ್ಟು ಪ್ಯಾಕೆಟ್ ಆಹಾರ. ಮೊಟ್ಟೆ ಬೇಯುವುದು ಹಿತ್ತಲಿನ ಸಣ್ಣ ಸ್ಟೌವಿನ ಮೇಲೆ, ಆ ಪಾತ್ರೆ ಒಳಗೆ ಬರುವ ಹಾಗಿಲ್ಲ. ಒಟ್ಟು ತಿಂಗಳಿಗೆ 1,200 ರೂಪಾಯಿಯಲ್ಲಿ ಮುಗಿಯುತ್ತದೆ. ನಾಯಿ ಸಾವಿರಾರು ವರ್ಷ ಮನುಷ್ಯರ ಜೊತೆಗಿದ್ದು ಗಂಜಿ ಅನ್ನ ಅರಗಿಸಿಕೊಳ್ಳಲು ಕಲಿತ ಪ್ರಾಣಿ.

ಬೆಕ್ಕು ಹಾಗಲ್ಲ. ಅದಕ್ಕೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ಸಾಕಷ್ಟು ಟಾರಿನ್ ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ, ಅದು ಮಾಂಸ ಮೀನಿನಿಂದಲೇ ಬರಬೇಕು. ಕೊರತೆಯಾದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ. ಹೃದಯ ಹಿಗ್ಗಿ ಸಾಯಲೂಬಹುದು ಎಂಬುದನ್ನು 1987ರಲ್ಲಿ ಅಮೆರಿಕದ ಪಶುವೈದ್ಯರು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಆಮೇಲೆ ಪ್ಯಾಕೆಟ್ ಆಹಾರದ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಹಿಂದೆ ಮೊಸರನ್ನ ತಿಂದ ಬೆಕ್ಕುಗಳು ಬದುಕಲಿಲ್ಲವೇ ಎಂದರೆ, ಬದುಕಿದ್ದವು. ಅಟ್ಟದ ಇಲಿ, ತೋಟದ ಓತಿಕ್ಯಾತ ಅವುಗಳ ನಿಜವಾದ ಊಟವಾಗಿತ್ತು, ಮೊಸರನ್ನ ಬರೀ ಮರ್ಯಾದೆಗೆ. ನಮ್ಮ ಬಡಾವಣೆಯ ತಾರಸಿ ಮನೆಯಲ್ಲಿ ಇಲಿಯೆಲ್ಲಿ ಬರಬೇಕು?

ಮೀನು ತಂದು ಬೇಯಿಸಿದರೆ ಅಗ್ಗ. ಆದರೆ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಹೀಗಾಗಿ ವಾಸನೆ ಬಾರದ ಒಣ ಕಾಳಿನ ಪ್ಯಾಕೆಟ್. ಕೆಜಿಗೆ 300 ರೂಪಾಯಿ ಮೇಲೆ, ಎರಡು ಬೆಕ್ಕಿಗೆ ತಿಂಗಳಿಗೆ 1,100. ಬಚ್ಚಲುಮನೆಯ ಪಕ್ಕದ ಗೂಡಿನಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ ಅತ್ತೆ. ಪ್ಯಾಕೆಟ್ ಮೇಲಿನ ಮೀನಿನ ಚಿತ್ರ ಗೋಡೆಗೆ ಮುಖ ಮಾಡಿರಬೇಕು ಎಂಬುದೊಂದೇ ಷರತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ದನಕರುಗಳ ಆಹಾರಕ್ಕೆ ತೆರಿಗೆ ಸೊನ್ನೆ, ನಾಯಿ ಬೆಕ್ಕಿನ ಪ್ಯಾಕೆಟ್ಟಿಗೆ ಶೇ 18 ಎಂದು ಇಟ್ಟರು. ನಾವು ಅದರ ಮೇಲೆ ನಮ್ಮ ಸಸ್ಯಾಹಾರದ ತೆರಿಗೆಯನ್ನೂ ಕಟ್ಟುತ್ತಿದ್ದೇವೆ ಎಂದು ನಮ್ಮ ಯಜಮಾನರ ಗೊಣಗಾಟ.

ದೊಡ್ಡ ಚೀಲ ತಂದರೆ ಕೆಜಿಗೆ ಐವತ್ತು ಅರವತ್ತು ರೂಪಾಯಿ ಉಳಿಯುತ್ತದೆ. ಬಯಲುಸೀಮೆಯವರು ಧಾರಾಳವಾಗಿ ತರಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಯಿ ತೆರೆದ ಚೀಲ ಥಂಡಿ ಹಿಡಿದು ಬೂಸಲು ಬರುತ್ತದೆ, ಎಣ್ಣೆ ಕಮಟುತ್ತದೆ. ಗುಂಡ ಮೂಸಿ ನೋಡಿ ಮುಖ ತಿರುಗಿಸಿದ ಆಹಾರ ಎಷ್ಟೇ ಅಗ್ಗವಾದರೂ ನಷ್ಟವೇ. ಮಳೆಗಾಲದಲ್ಲಿ ಸಣ್ಣ ಪ್ಯಾಕೆಟ್, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ.

ಮಳೆಗಾಲದ ಇನ್ನೊಂದು ಖರ್ಚು ಉಣುಗು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಉಣುಗು ಎಂದರೆ ಇಲ್ಲಿಯವರಿಗೆ ಮೈ ಝುಂ ಎನ್ನುತ್ತದೆ. ನಾಯಿ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಆ ಕಾಡಿನ ಉಣುಗಲ್ಲ, ಆದರೂ ಸಾಧುವಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಗೋಡೆಯ ಬಿರುಕಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಅದರಿಂದ ಜ್ವರ ಬಂದರೆ ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ ಸೋರುವುದೂ ಉಂಟು. ಮೂರು ತಿಂಗಳಿಗೊಂದು ಮಾತ್ರೆಗೆ ಸುಮಾರು 1,500 ರೂಪಾಯಿ. ಕೊಡುವಾಗ ಹೊಟ್ಟೆ ಉರಿಯುವುದು ನಿಜ. ಆದರೆ ಜ್ವರ ಬಂದರೆ ರಕ್ತಪರೀಕ್ಷೆ, ಡ್ರಿಪ್, ಮೂರ್ನಾಲ್ಕು ವಾರದ ಔಷಧಿ ಎಂದು ಇಡೀ ವರ್ಷದ ಮಾತ್ರೆಯ ದುಡ್ಡು ಒಂದೇ ಸಲಕ್ಕೆ ಹೋಗುತ್ತದೆ. ಪಕ್ಕದ ಬೀದಿಯ ಲ್ಯಾಬ್ರಡಾರ್‌ಗೆ ಆದದ್ದು ಅದೇ.

ಇಲ್ಲಿ ಒಂದು ಎಚ್ಚರಿಕೆ. ನಾಯಿಗೆ ತಂದ ಉಣುಗಿನ ಔಷಧಿ ಮಿಕ್ಕಿದೆಯೆಂದು ಬೆಕ್ಕಿಗೆ ಹಚ್ಚುವ ಉಳಿತಾಯ ಬೇಡವೇ ಬೇಡ. ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ. ಹಾಗೆಯೇ ಮೈ ಬಿಸಿಯಿದೆ ಎಂದು ಮನೆಯ ಪ್ಯಾರಾಸಿಟಮಾಲ್ ಮುರಿದು ಕೊಡುವುದು. ಒಂದು ಮಾತ್ರೆ ಸಾಕು, ಬೆಕ್ಕು ಸಾಯುತ್ತದೆ.

ಇನ್ನು ಗುಂಡನ ಕತೆ. ಒಂದು ದಿನ ಬೆಳಿಗ್ಗೆಯಿಂದ ಮರಳಿನ ಟ್ರೇಗೆ ಹೋಗಿ ಕೂರುವುದು, ಏಳುವುದು, ಮತ್ತೆ ಬಂದು ಕೂರುವುದು. ಕೂತು ಸಣ್ಣಗೆ ಕೂಗುತ್ತಿದ್ದ. ಮರಳು ಒಂದು ಚೂರೂ ಒದ್ದೆಯಾಗಿಲ್ಲ. ಮಲಬದ್ಧತೆ ಇರಬೇಕು, ಸ್ವಲ್ಪ ಹರಳೆಣ್ಣೆ ಕುಡಿಸು ಎಂದರು ಅತ್ತೆ. ಅಡಿಕೆ ಬುಟ್ಟಿಯಲ್ಲಿ ಹಾಕಿ, ಮೇಲೆ ಟವಲ್ ಕಟ್ಟಿಕೊಂಡು ಡಾಕ್ಟರ ಬಳಿ ಒಯ್ದೆವು. ಅವರು ಹೊಟ್ಟೆ ಒತ್ತಿ ನೋಡಿ ನನ್ನ ಬೆರಳನ್ನೂ ಅಲ್ಲಿಡಿಸಿದರು. ಮೂತ್ರಕೋಶ ಮೂಸಂಬಿಯಂತೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಸಣ್ಣ ಹರಳು ಅಡ್ಡ ಬಂದರೂ ಕಟ್ಟಿಕೊಳ್ಳುತ್ತದೆ. ಬಿಡಿಸದಿದ್ದರೆ ಎರಡು ಮೂರು ದಿನದಲ್ಲಿ ಸಾವು. ಸ್ಕ್ಯಾನ್, ರಕ್ತಪರೀಕ್ಷೆ, ಅರಿವಳಿಕೆ ಕೊಟ್ಟು ನಳಿಕೆ ಹಾಕಿದ್ದು, ಡ್ರಿಪ್, ಮತ್ತೆ ಕಟ್ಟಿಕೊಂಡದ್ದಕ್ಕೆ ಮತ್ತೊಂದು ಸುತ್ತು. ಒಟ್ಟು 16,000 ರೂಪಾಯಿ. ಈಗ ಅವನ ಕಾಳು ನೀರಿನಲ್ಲಿ ನೆನೆದೇ ಬಟ್ಟಲಿಗೆ ಬೀಳುವುದು. ಒಣ ಆಹಾರ ತಿಂದು ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಈ ತೊಂದರೆ ಹೆಚ್ಚು.

ಬಿಲ್ ಕೈಗೆ ಬಂದಾಗ ಒಂದನ್ನು ಗಮನಿಸಿ. ಪಶು ಚಿಕಿತ್ಸಾಲಯ ಪ್ರಾಣಿಗೆ ಮಾಡುವ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಂಗಡಿಯ ಹಾಗೆ ಮಾರುವ ಆಹಾರ, ಬೆಲ್ಟು, ಶಾಂಪೂವಿನ ಮಾತು ಬೇರೆ. ಎಲ್ಲವನ್ನೂ ಒಟ್ಟು ಮಾಡಿ ತೆರಿಗೆ ಹಾಕಿದ್ದರೆ ವಿಂಗಡಿಸಿ ಕೊಡಿ ಎಂದು ಕೇಳಲು ಸಂಕೋಚ ಬೇಡ. ಆದಾಯ ತೆರಿಗೆಯಲ್ಲಿ ಮಾತ್ರ ಏನೂ ಸಿಗದು. 80ಡಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ಇದ್ದಾರೆ, ಗುಂಡ ಇಲ್ಲ.

ನಾನು ಇಷ್ಟೆಲ್ಲ ಲೆಕ್ಕ ಒಪ್ಪಿಸಿದ್ದು ಒಂದು ಮಾತಿಗೋಸ್ಕರ. ಸಾಕುಪ್ರಾಣಿ ಮನೆಯ ಬಜೆಟ್ ಕೆಡಿಸುವುದು ಊಟದಿಂದಲ್ಲ, ಆಸ್ಪತ್ರೆಯಿಂದ. ಊಟದ ಖರ್ಚು ತಿಂಗಳು ತಿಂಗಳು ಬರುವುದರಿಂದ ಮನೆ ಅದಕ್ಕೆ ಹೊಂದಿಕೊಳ್ಳುತ್ತದೆ. ಆಸ್ಪತ್ರೆಯದು ಹೇಳದೆ ಕೇಳದೆ ಬಂದು ಕ್ರೆಡಿಟ್ ಕಾರ್ಡಿನ ಮೇಲೆ ಕೂರುತ್ತದೆ. ಹಾಗಾಗಿ ಮೂರರ ಹೆಸರಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಆರ್‌ಡಿ ಕಟ್ಟುತ್ತಿದ್ದೇನೆ. ಶೇ 6.7 ಬಡ್ಡಿಯ ಅಂಚೆ ಕಚೇರಿ ಆರ್‌ಡಿಯಲ್ಲಿ ಇಷ್ಟು ಕಟ್ಟಿದರೆ ಐದು ವರ್ಷಕ್ಕೆ 71,000 ದಾಟುತ್ತದೆ. ಬಡ್ಡಿ ಚೆನ್ನ, ಆದರೆ ಈ ಕೆಲಸಕ್ಕೆ ಅಂಚೆಯದು ಹೊಂದುವುದಿಲ್ಲ. ಮೂರು ವರ್ಷದ ಒಳಗೆ ಅದನ್ನು ಮುರಿಯಲಾಗದು, ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ತೆಗೆಯಬಹುದು ಅಷ್ಟೆ. ಬೆಕ್ಕಿನ ಮೂತ್ರ ಕಟ್ಟಿದಾಗ ಪಾಸ್‌ಬುಕ್ ಹಿಡಿದು ಕ್ಯೂ ನಿಲ್ಲುವವರು ಯಾರು? ಮೊಬೈಲಿನಲ್ಲೇ ಮುರಿಯಬಹುದಾದ ಬ್ಯಾಂಕ್ ಆರ್‌ಡಿ ಸಾಕು. ದಂಡವೆಂದು ಬಡ್ಡಿಯಲ್ಲಿ ಒಂದಿಷ್ಟು ಹೋದರೆ ಹೋಗಲಿ.

ವಿಮೆ ಯಾಕೆ ಬೇಡ ಎಂದು ಓದುಗರು ಕೇಳುತ್ತಿರುತ್ತಾರೆ. ನಾಯಿಗೆ ವಿಮೆ ಇದೆ. ಸರ್ಕಾರಿ ವಲಯದ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕೊಡುತ್ತದೆ, ಬಜಾಜ್ ಅಲಯನ್ಸ್ 2020ರಲ್ಲಿ ಶುರು ಮಾಡಿತು, ಬೇರೆಯವರದೂ ಇವೆ. ಮರಿಯಾಗಿದ್ದಾಗ, ಲಸಿಕೆಯ ಪುಸ್ತಕ ಸರಿಯಾಗಿದ್ದಾಗ ತೆಗೆದುಕೊಳ್ಳಬೇಕು. ವಯಸ್ಸು ಮೀರಿದರೆ ಸೇರಿಸಿಕೊಳ್ಳುವುದಿಲ್ಲ. ವರ್ಷದ ಲಸಿಕೆ, ಜಂತಿನ ಮಾತ್ರೆ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಬೆಂಗಳೂರಿನಲ್ಲಿದ್ದು ದುಬಾರಿ ಜಾತಿಯ ನಾಯಿ ಸಾಕಿದವರು ಖಂಡಿತ ಮಾಡಿಸಲಿ ಎಂಬುದು ನನ್ನ ಅಭಿಪ್ರಾಯ. ಕೆಂಚನಂಥ ಊರುನಾಯಿಗೆ ಆರ್‌ಡಿಯೇ ವಾಸಿ. ಯಾವ ಪಾಲಿಸಿ ತೆಗೆದುಕೊಂಡರೂ ಮೂರನೆಯವರಿಗೆ ಆದ ಹಾನಿಯ ರಕ್ಷಣೆ ಇದೆಯೇ ನೋಡಿ. ಸಾಕಿದ ಪ್ರಾಣಿಯ ಬಗ್ಗೆ ಅಜಾಗರೂಕತೆ ತೋರಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಚ್ಚಿಸಿಕೊಂಡ ಕೊರಿಯರ್ ಹುಡುಗನ ಆಸ್ಪತ್ರೆ ಖರ್ಚು ಬೇರೆ.

ಚಿನ್ನಿಗೆ ಸಂತಾನಹರಣದ ಆಪರೇಷನ್ ಮಾಡಿಸಿದ್ದಕ್ಕೆ 4,000 ಆಯಿತು. ನನ್ನ ಪುಟದಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಮರಿ ಹಾಕುತ್ತದೆ, ಮರಿ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಆ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಊರೆಲ್ಲ ಅಲೆದವರಿಗೆ ಗೊತ್ತು ಅದರ ಬೆಲೆ.

ಕೊನೆಗೆ ಮನಸ್ಸಿಗೆ ಕಷ್ಟವಾಗುವ ಎರಡು ವಿಷಯ. ಮೊದಲನೆಯದು, ಎಲ್ಲಿಯವರೆಗೆ ಖರ್ಚು ಮಾಡುವುದು? ಕೆಂಚ ಗಟ್ಟಿಮುಟ್ಟಾಗಿರುವಾಗಲೇ ನಾವಿಬ್ಬರೂ ಕೂತು ಮಾತಾಡಿ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ: ವಾಸಿಯಾಗುವ ಕಾಯಿಲೆಗೆ ಆರ್‌ಡಿ ಪೂರ್ತಿ ಖಾಲಿಯಾದರೂ ಸರಿ, ಮುಪ್ಪಿನಲ್ಲಿ ಬರುವ ವಾಸಿಯಾಗದ ಕಾಯಿಲೆಗೆ ನೋವು ಕಡಿಮೆ ಮಾಡುವ ಔಷಧಿ ಮಾತ್ರ, ಸಾಲ ಇಲ್ಲ. ನಿಷ್ಕರುಣೆ ಎಂದು ನನ್ನ ತಂಗಿ ಜಗಳ ಮಾಡಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಳುತ್ತಾ ತೆಗೆದುಕೊಳ್ಳುವ ತೀರ್ಮಾನ ಪ್ರಾಣಿಗೂ ಒಳ್ಳೆಯದಲ್ಲ, ಮನೆಗೂ ಒಳ್ಳೆಯದಲ್ಲ ಎಂದೇ ನಾನು ನಂಬಿದ್ದೇನೆ.

ಎರಡನೆಯದು, ನಾವೇ ಮೊದಲು ಹೋದರೆ? 2024ರ ಅಕ್ಟೋಬರ್‌ನಲ್ಲಿ ರತನ್ ಟಾಟಾ ತೀರಿಕೊಂಡಾಗ, ಅವರ ಉಯಿಲಿನಲ್ಲಿ ಟಿಟೋ ಎಂಬ ನಾಯಿಯ ಪಾಲನೆಗೂ ವ್ಯವಸ್ಥೆ ಇದೆ ಎಂದು ಪತ್ರಿಕೆಗಳು ಬರೆದವು. ನಮ್ಮ ಕಾನೂನಿನಲ್ಲಿ ನಾಯಿ ಬೆಕ್ಕಿನ ಹೆಸರಿಗೆ ನೇರವಾಗಿ ಆಸ್ತಿ ಬರೆಯಲಾಗದು, ಅವು ಖಾತೆಗೆ ನಾಮಿನಿಯೂ ಆಗಲಾರವು. ನೋಡಿಕೊಳ್ಳುವ ಮನುಷ್ಯರ ಹೆಸರು ಬರೆದು, ಅವರಿಗೆ ಒಂದಿಷ್ಟು ಹಣ ಬಿಡಬೇಕು. ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿ. ನಮ್ಮ ಮೂರರ ಜವಾಬ್ದಾರಿ ಒಪ್ಪಿಕೊಂಡವಳು ಜಗಳ ಮಾಡಿದ ಅದೇ ತಂಗಿ. ಆರ್‌ಡಿಗೆ ನಾಮಿನಿಯೂ ಅವಳೇ.

ಖರ್ಚಿಲ್ಲದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ದಿನ ಅನೇಕ ಊರುಗಳ ಪಶು ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತವಾಗಿ ಹಾಕುತ್ತಾರೆ. ಹಿಂದಿನ ವಾರವೇ ನಿಮ್ಮೂರಿನ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ, ಲಸಿಕೆ ಪುಸ್ತಕ ತೆಗೆದುಕೊಂಡು ಬೆಳಿಗ್ಗೆ ಬೇಗ ಹೋಗಿ. ನಾಯಿಯನ್ನು ಎಲ್ಲರೂ ಕರೆದೊಯ್ಯುತ್ತಾರೆ, ಬೆಕ್ಕನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಅದನ್ನೂ ಬುಟ್ಟಿಗೆ ಹಾಕಿಕೊಳ್ಳಿ.