ಎರಡು ದಿನದ ಹಂಪಿ

ನಿಮ್ಮ ಪಟ್ಟಿಯಲ್ಲಿ ಬಾದಾಮಿ, ಅಂಜನಾದ್ರಿ, ಅಣೆಕಟ್ಟು ಎಲ್ಲವೂ ಇವೆ. ಇರುವುದು ಎರಡೇ ದಿನ, ಜತೆಗೆ ಮಂಡಿನೋವಿನ ಅಮ್ಮ. ಅವನ್ನೆಲ್ಲ ಕೈಬಿಡಿ. ಉಳಿಯಲು ಹೊಸಪೇಟೆಗಿಂತ ಕಮಲಾಪುರ ವಾಸಿ. ಬೆಳಗಿನ ತಂಪು ದಾರಿಯಲ್ಲೇ ಕಳೆದುಹೋಗುವುದಿಲ್ಲ.

ಮೊದಲ ದಿನ ವಿರೂಪಾಕ್ಷ. ದರ್ಶನವಾಯಿತೆಂದು ಹೊರಟುಬಿಡಬೇಡಿ. ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ನುಸುಳುವ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಸಂಜೆಗೆ ಸಾಸಿವೆಕಾಳು ಗಣಪ, 1528ರ ಉಗ್ರನರಸಿಂಹ ಸಾಕು.

ವಿಜಯವಿಠ್ಠಲ, ಕಮಲ ಮಹಲ್, ಕಮಲಾಪುರದ ಮ್ಯೂಸಿಯಂ ಮೂರನ್ನೂ ಎರಡನೆಯ ದಿನಕ್ಕೇ ಇಟ್ಟುಕೊಳ್ಳಿ: ಒಂದೇ ಟಿಕೆಟ್ ಮೂರಕ್ಕೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಶುಕ್ರವಾರ ಮ್ಯೂಸಿಯಂಗೆ ರಜೆ. ಅದನ್ನು ತಪ್ಪಿಸಿಕೊಳ್ಳಬೇಡಿ, ಬೆಟ್ಟ, ಹೊಳೆ, ಕೋಟೆಗಳ ಸಮೇತ ಇಡೀ ಹಂಪಿಯ ಮಾದರಿ ಅಲ್ಲಿದೆ. ವಿಠ್ಠಲ ಗುಡಿಗೆ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಸಿಗುತ್ತದೆ. ಸಂಗೀತ ಕಂಬ ತಟ್ಟುವ ಆಸೆ ಬೇಡ, ನಿಷೇಧವಿದೆ.

ಮಹಾನವಮಿ ದಿಬ್ಬವನ್ನು ಅಮ್ಮ ಹತ್ತಬೇಕಿಲ್ಲ. ಕುದುರೆ, ಆನೆ, ಒಂಟೆ, ಬೇಟೆ, ಕುಣಿತಗಳ ಕೆತ್ತನೆಯ ಸಾಲು ನೆಲದಿಂದಲೇ ಕಾಣುತ್ತದೆ. ನನಗಂತೂ ಮೇಲಿನ ನೋಟಕ್ಕಿಂತ ಅದೇ ಇಷ್ಟ. ಮತಂಗ ಬೆಟ್ಟ ಮುಂದಿನ ಸಲಕ್ಕಿರಲಿ.