ಬೋರಮಾಳದ ಒಂದು ಗುಂಡು

ವರ್ಕ್ ಹಾರ್ಡನಿಂಗ್, ಅನೀಲಿಂಗ್ ಅಂತ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡ್ತೀವಿ, ಬರೆದು ಮರೀತೀವಿ. ಅದೇ ಪಾಠ ಊರಲ್ಲಿ ಅಮ್ಮನ ಕೊರಳಲ್ಲೇ ಇರುತ್ತದೆ. ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟುವ ಹೊತ್ತಿಗೆ ಆ ಸರ ಬ್ಯಾಂಕಿನಲ್ಲಿ ಅಡವಿಗೂ ಹೋಗಿರುತ್ತದೆ. ಹಾಗಾಗಿ ಈ ಸಲ ಉತ್ತರ ಕರ್ನಾಟಕದ ಬೋರಮಾಳದಿಂದ ಒಂದೇ ಒಂದು ಗುಂಡು ತೆಗೆದುಕೊಂಡು, ಅದು ಹೇಗೆ ತಯಾರಾಗುತ್ತದೆ ಅಂತ ನೋಡೋಣ.

ತಾಮ್ರ ಬೆರೆಸೋದು ಯಾಕೆ?

ಅಪ್ಪಟ ಚಿನ್ನ ತುಂಬಾ ಮೆತು. ಅದರಲ್ಲೇ ಸರ ಮಾಡಿದರೆ ಬೇಗ ಸವೆಯುತ್ತದೆ, ಸೊಟ್ಟಗಾಗುತ್ತದೆ. ಆದ್ದರಿಂದ ಅಕ್ಕಸಾಲಿಗರು ಮೂಸೆಯಲ್ಲಿ ಚಿನ್ನದ ಜೊತೆ ತಾಮ್ರ, ಬೆಳ್ಳಿ ಸೇರಿಸಿ ಕರಗಿಸುತ್ತಾರೆ. ತಾಮ್ರದ ಪರಮಾಣು ಚಿನ್ನದ ಪರಮಾಣುವಿಗಿಂತ ಚಿಕ್ಕದು. ಅದು ನಡುವೆ ಬಂದು ಕೂತರೆ ಪರಮಾಣುಗಳ ಪದರಗಳು ಮೊದಲಿನಷ್ಟು ಸಲೀಸಾಗಿ ಜಾರುವುದಿಲ್ಲ, ಲೋಹ ಗಟ್ಟಿಯಾಗುತ್ತದೆ. 24 ಭಾಗದಲ್ಲಿ 22 ಭಾಗ ಚಿನ್ನವಿದ್ದರೆ 22 ಕ್ಯಾರೆಟ್. ಅಂದರೆ ಸಾವಿರಕ್ಕೆ 916. ಒಡವೆ ಮೇಲಿನ ‘916’ ಇದೇ.

ಬಡಿ, ಕಾಯಿಸು, ಮತ್ತೆ ಬಡಿ

ಮೊದಲು ಚಿನ್ನವನ್ನು ತೆಳುವಾದ ತಗಡು ಮಾಡಬೇಕು. ಬಡಿದಷ್ಟೂ ಅದು ಬಿರುಸಾಗುತ್ತದೆ, ಇನ್ನೂ ಬಡಿದರೆ ಸೀಳುತ್ತದೆ. ಅಷ್ಟರೊಳಗೆ ಬೆಂಕಿಗೆ ಹಿಡಿದು ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಅನೀಲಿಂಗ್ ಅಂದರೆ ಇಷ್ಟೇ. ನಾವು ಗ್ರಾಫ್ ನೋಡಿ ಹೇಳುವುದನ್ನು ಅಕ್ಕಸಾಲಿಗರು ಕಾದ ಚಿನ್ನದ ಬಣ್ಣ ನೋಡಿ ಹೇಳುತ್ತಾರೆ.

ಆಮೇಲೆ ತಗಡಿನ ಬಿಲ್ಲೆಗಳನ್ನು ಅಚ್ಚಿನ ಗುಳಿಯಲ್ಲಿಟ್ಟು ಒತ್ತಿದರೆ ಪುಟ್ಟ ಬಟ್ಟಲುಗಳಾಗುತ್ತವೆ. ಎರಡು ಬಟ್ಟಲು ಜೋಡಿಸಿ, ಬಿಳಿಗಾರ ಹಚ್ಚಿ, ಬೆಸುಗೆ ಹಾಕಿದರೆ ಒಂದು ಗುಂಡು. ಕೆಲವು ವರ್ಷಗಳ ಹಿಂದಿನವರೆಗೂ ಬೆಸುಗೆಗೆ ಕ್ಯಾಡ್ಮಿಯಂ ಬಳಸುವುದು ಸಾಮಾನ್ಯವಾಗಿತ್ತು. ‘ಕೆಡಿಎಂ’ ಒಡವೆ ಅಂದರೆ ಅದೇ. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೆ ವಿಷ. ಅದಕ್ಕೇ ಅದನ್ನು ಕೈಬಿಡಬೇಕಾಯಿತು.

ಒಂದು ಸಣ್ಣ ಲೆಕ್ಕ

ಗುಂಡಿನ ವ್ಯಾಸ 8 ಮಿಲಿಮೀಟರ್ ಅಂದುಕೊಳ್ಳಿ. 22 ಕ್ಯಾರೆಟ್ ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 17.7 ಗ್ರಾಂ. ಗುಂಡು ಪೂರ್ತಿ ಗಟ್ಟಿಯಾಗಿದ್ದರೆ 4.7 ಗ್ರಾಂ ತೂಗುತ್ತದೆ. ಗೋಡೆ 0.2 ಮಿಲಿಮೀಟರ್ ಇಟ್ಟು ಟೊಳ್ಳು ಮಾಡಿದರೆ 0.7 ಗ್ರಾಂಗೂ ಕಡಿಮೆ! 40 ಗುಂಡಿನ ಸರಕ್ಕೆ 190 ಗ್ರಾಂ ಬೇಕಾದ ಕಡೆ 27 ಗ್ರಾಂ ಸಾಕು. ಕೊರಳು ತುಂಬಿ ಕಾಣಬೇಕು, ಆದರೆ ಮನೆಯವರ ಕೈಗೂ ಎಟುಕಬೇಕು. ಬೋರಮಾಳದ ಚೆಲುವಿನ ಗುಟ್ಟು ಇದು.

ಆದರೆ ಅಷ್ಟು ತೆಳುವಾದ ಗೋಡೆ ಬೆರಳಲ್ಲಿ ಒತ್ತಿದರೂ ತಗ್ಗಾದೀತು. ಅದಕ್ಕೆ ಒಳಗೆ ಅರಗು ತುಂಬುತ್ತಾರೆ. ಹೊರಗೆ ಲೋಹ, ಒಳಗೆ ಹಗುರ ಆಸರೆ: ನಾವು ಓದುವ ಸ್ಯಾಂಡ್‌ವಿಚ್ ರಚನೆಯ ಉಪಾಯವೇ. ಅರಗು ಬಿಸಿಗೆ ಕರಗುವುದರಿಂದ ಬೆಸುಗೆ ಎಲ್ಲ ಮುಗಿದ ಮೇಲೆಯೇ ಅದನ್ನು ತುಂಬಬೇಕು. ಬೋರಮಾಳವನ್ನು ಕುದಿಯುವ ನೀರಲ್ಲಿ ತೊಳೆಯಬಾರದು ಅನ್ನುವುದೂ ಇದೇ ಕಾರಣಕ್ಕೆ.

ಇದನ್ನು ತಿಳಿದು ನಮಗೇನು?

ಅಡವಿಡುವಾಗ ತಕ್ಕಡಿ ತೋರಿಸುವ ತೂಕಕ್ಕೆಲ್ಲ ಸಾಲ ಸಿಗುವುದಿಲ್ಲ. ಅರಗು, ಕಲ್ಲು, ದಾರ ಕಳೆದು ಉಳಿದ ಚಿನ್ನಕ್ಕೆ ಮಾತ್ರ ಸಾಲ. ಎಷ್ಟು ಕಳೆದರು, ಯಾಕೆ ಕಳೆದರು ಅಂತ ಕೌಂಟರಿನ ಈಚೆ ನಿಂತ ಅಮ್ಮನಿಗೆ ಕೇಳಲು ಸಂಕೋಚವಾಗಬಹುದು. ಜೊತೆಗೆ ಹೋದ ನಾವು ಕೇಳಬಹುದು. ಕೊಳ್ಳುವಾಗಲೂ ಅಷ್ಟೇ: ಅರಗಿನ ತೂಕ ಬಿಟ್ಟು ನಿವ್ವಳ ಚಿನ್ನ ಎಷ್ಟು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಾಲ್‌ಮಾರ್ಕ್ ಇರುವ ಒಡವೆಯಾದರೆ ಅದರ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ.

ಮುಂದಿನ ರಜೆಗೆ ಊರಿಗೆ ಹೋದಾಗ ಅಮ್ಮನ ಸರವನ್ನೊಮ್ಮೆ ಕೈಗೆ ತಗೊಳ್ಳಿ. ಬೆಸುಗೆಯ ಗೆರೆ ಹುಡುಕಿ, ಲೆಕ್ಕ ಹಾಕಿ. ಅದು ಅಡವಿನಲ್ಲಿದ್ದರೆ, ಬಿಡಿಸಿಕೊಳ್ಳುವ ತಾರೀಖು ಯಾವಾಗ ಅಂತಲಾದರೂ ಕೇಳಿಕೊಂಡು ಬನ್ನಿ.