ನಾರಾವಿಯ ಪರಿಸರದಲ್ಲಿ ಕುಡಿತ ಮತ್ತು ಕಾನೂನು

ಬೆಳ್ತಂಗಡಿ ತಾಲೂಕಿನ ನಾರಾವಿಯಂಥ ಊರುಗಳಲ್ಲಿ ಮದ್ಯದ ಪರಿಚಯ ಹೊಸತಲ್ಲ. ತುಳುನಾಡಿನಲ್ಲಿ ಮೂರ್ತೆ, ಅಂದರೆ ಮರದಿಂದ ಶೇಂದಿ ಇಳಿಸುವ ಕಸುಬು, ಅನೇಕ ಕುಟುಂಬಗಳನ್ನು ತಲೆಮಾರುಗಳಿಂದ ಸಾಕಿದೆ ಮತ್ತು ದೈವಾರಾಧನೆಯಲ್ಲಿಯೂ ಶೇಂದಿಗೆ ಸ್ಥಾನವಿದೆ. ಆದರೆ ಈ ಪರಂಪರೆಯನ್ನು ಮುಂದಿಟ್ಟು ಬಸ್ ತಂಗುದಾಣದಲ್ಲೋ ಶಾಲೆಯ ಆಟದ ಬಯಲಿನಲ್ಲೋ ಹೊಳೆಯ ದಂಡೆಯಲ್ಲೋ ಬಾಟಲಿ ತೆರೆಯುವುದನ್ನು ಸಮರ್ಥಿಸುವುದು ಸರಿಯಲ್ಲ, ಏಕೆಂದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಯನ್ನು ನಿಷೇಧಿಸಿದೆ. ಕುಡಿದವನ ಮನಸ್ಸು ಎಷ್ಟೇ ನಿರ್ಮಲವಾಗಿದ್ದರೂ, ಅವನು ಎಸೆದ ಬಾಟಲಿಯ ಗಾಜು ಮರುದಿನ ಬರಿಗಾಲಿನ ಮಗುವಿಗೋ ಮೇಯುವ ದನಕ್ಕೋ ತಗಲುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು.

ವಾಹನ ಚಾಲನೆಯ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದ್ದು, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ, ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಮಳೆಗಾಲದ ಘಟ್ಟದ ತಪ್ಪಲಿನ ತಿರುವುಗಳಲ್ಲಿ "ಸ್ವಲ್ಪವೇ ಕುಡಿದದ್ದು" ಎಂಬ ಮಾತಿಗೆ ಬೆಲೆಯಿಲ್ಲ.

ಇನ್ನು, ಕುಡಿತದ ಚಟ ಅಂಟಿಕೊಂಡವರನ್ನು ಹಂಗಿಸುವುದರಿಂದ ಅವರು ಮರೆಯಲ್ಲಿ ಕುಡಿಯುತ್ತಾರೆಯೇ ಹೊರತು ಬಿಡುವುದಿಲ್ಲ. ಇದೇ ತಾಲೂಕಿನ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು, ಅಂದರೆ ಕುಡಿತ ಬಿಡಿಸುವ ವಸತಿ ಶಿಬಿರಗಳನ್ನು, ನಡೆಸುತ್ತ ಬಂದಿದೆ. ಮನೆಯವರು ನಾಚಿಕೆ ಬದಿಗಿಟ್ಟು ಅಂಥ ನೆರವನ್ನೂ ವೈದ್ಯರ ಸಲಹೆಯನ್ನೂ ಬೇಗನೆ ಪಡೆಯಲಿ.